ಬಯಕೆ, ನಂಬಿಕೆ, ದೇವರು: ಪದೇ ಪದೇ ಕೇಳುವ ಪ್ರಶ್ನೆಗಳು

‘ನಿನಗೆ ದೇವರು ಬೇಕು, ಅದಕ್ಕೇ ನಂಬುತ್ತೀಯ’ ಎನ್ನುವುದು ಆಸ್ತಿಕರ ಮೇಲಿರುವ ಹಳೆಯ ಆರೋಪ. ‘ನಿನಗೆ ದೇವರು ಬೇಡ, ಅದಕ್ಕೇ ಇಲ್ಲ ಎನ್ನುತ್ತೀಯ’ ಎನ್ನುವುದು ನಾಸ್ತಿಕರ ಮೇಲಿರುವ ಅಷ್ಟೇ ಹಳೆಯ ಆರೋಪ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಹೇಳುವವರು ಅಂದುಕೊಂಡಷ್ಟು ದೂರಕ್ಕೆ ಎರಡೂ ಹೋಗುವುದಿಲ್ಲ.

ಬಯಕೆಯಿಂದ ನಂಬುವುದು ಎಂದರೆ ನಿಖರವಾಗಿ ಏನು?

ಪುರಾವೆ ಮಾಡಬೇಕಾದ ಕೆಲಸವನ್ನು ಬಯಕೆ ಮಾಡಿಬಿಟ್ಟರೆ ಅದು ಬಯಕೆಯ ನಂಬಿಕೆ. ಇದರ ಜೊತೆ ಕಲಸಿಕೊಳ್ಳುವ ಎರಡು ಸಂಗತಿಗಳನ್ನು ಮೊದಲೇ ಬೇರೆ ಇಡಬೇಕು. ಮೊದಲನೆಯದು ಹಾರೈಕೆ. ‘ಸತ್ತ ಮೇಲೂ ಏನಾದರೂ ಇರಲಪ್ಪ’ ಎನ್ನುವವನು ಇದ್ದೇ ಇದೆ ಎಂದು ಹೇಳುತ್ತಿಲ್ಲ. ಅವನನ್ನು ತಪ್ಪು ಹಿಡಿಯಲು ಏನೂ ಇಲ್ಲ. ಎರಡನೆಯದು ಬಯಸಿದ್ದೂ ನಂಬಿದ್ದೂ ತಾನಾಗಿ ಒಂದೇ ಆಗುವುದು. ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಬಯಸುವ ಹುಡುಗಿ ಚೆನ್ನಾಗಿ ಓದಿದ್ದರಿಂದ ಪಾಸಾಗುತ್ತೇನೆ ಎಂದು ನಂಬಿದರೆ ಅಲ್ಲಿ ಬಯಕೆ ಇದೆ, ಆದರೆ ನಂಬಿಕೆಯ ಭಾರ ಹೊತ್ತಿರುವುದು ಓದು.

ಹಾಗಾಗಿ ಕೇಳಬೇಕಾದದ್ದು ‘ಇವನಿಗೆ ಇದು ಬೇಕೇ’ ಎಂದಲ್ಲ. ಬೇಕು ಎನ್ನುವುದನ್ನು ತೆಗೆದಿಟ್ಟರೆ ಉಳಿದ ಕಾರಣಗಳ ಮೇಲೆ ನಂಬಿಕೆ ನಿಲ್ಲುತ್ತದೆಯೇ ಎಂದು ಕೇಳಬೇಕು.

ಹೆದರಿಕೆಯೂ ಇದೇ ಕೆಲಸ ಮಾಡುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸಣ್ಣ ತಲೆನೋವಿಗೆ ದೊಡ್ಡ ಕಾಯಿಲೆಯನ್ನೇ ಕಾಣುವವನು ತನಗೆ ಬೇಡವಾದದ್ದನ್ನು ನಂಬುತ್ತಾನೆ. ದೇವರ ವಿಷಯದಲ್ಲೂ ಶಿಕ್ಷೆಯ ಭಯದಿಂದ ನಂಬುವವರಿದ್ದಾರೆ, ಮೋಸಹೋಗುವ ಭಯದಿಂದ ನಂಬದಿರುವವರೂ ಇದ್ದಾರೆ.

ಬೇಕು ಎಂದ ಮಾತ್ರಕ್ಕೆ ನಂಬಲು ಆಗುತ್ತದೆಯೇ?

ನೇರವಾಗಿ ಆಗುವುದಿಲ್ಲ. ಈಗ ಹೊರಗೆ ಮಳೆ ಬರುತ್ತಿದೆ ಎಂದು, ಕಿಟಕಿಯಾಚೆ ಬಿಸಿಲು ಕಾಣುತ್ತಿರುವಾಗ, ಎಷ್ಟು ಹಣ ಕೊಟ್ಟರೂ ನಂಬಲಾಗದು. ಬಯಕೆ ಕೆಲಸ ಮಾಡುವುದು ಹಿಂಬಾಗಿಲಿನಿಂದ.

ಮನಶ್ಶಾಸ್ತ್ರಜ್ಞೆ ಜಿವಾ ಕುಂಡಾ 1990ರಲ್ಲಿ ಈ ಬಗ್ಗೆ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ಒಂದು ಲೇಖನ ಬರೆದರು. ಸಾರ ಇಷ್ಟು: ಜನ ತಮಗೆ ಬೇಕಾದ ತೀರ್ಮಾನಕ್ಕೆ ಬರುತ್ತಾರೆ, ಆದರೆ ಅದಕ್ಕೆ ಮೇಲ್ನೋಟಕ್ಕಾದರೂ ಒಪ್ಪುವಂಥ ಸಮರ್ಥನೆ ಕಟ್ಟಲು ಸಾಧ್ಯವಾದರೆ ಮಾತ್ರ. ಯಾವ ನೆನಪನ್ನು ಹೊರತೆಗೆಯಬೇಕು, ಯಾವ ಸಾಕ್ಷಿಯನ್ನು ಜಾಲಾಡಬೇಕು, ಯಾವುದನ್ನು ಸುಮ್ಮನೆ ಒಪ್ಪಬೇಕು, ಹುಡುಕಾಟವನ್ನು ಎಲ್ಲಿ ನಿಲ್ಲಿಸಬೇಕು ಎನ್ನುವಲ್ಲೆಲ್ಲ ಬಯಕೆ ಕೈಯಾಡಿಸುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಇದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿದ್ದಾರೆ. ಬೇಕಾದ ಮಾತು ಬಂದರೆ ‘ಇದನ್ನು ನಂಬಬಹುದೇ?’ ಎಂದು ಕೇಳಿಕೊಳ್ಳುತ್ತೇವೆ. ಬೇಡದ ಮಾತು ಬಂದರೆ ‘ಇದನ್ನು ನಂಬಲೇಬೇಕೇ?’ ಎಂದು. ಮೊದಲ ಪ್ರಶ್ನೆಗೆ ಒಂದು ಕಾರಣ ಸಿಕ್ಕರೆ ಸಾಕು, ಕೆಲಸ ಮುಗಿಯಿತು. ಎರಡನೆಯದಕ್ಕೆ ಒಂದು ಕೊಂಕು ಸಿಕ್ಕರೆ ಸಾಕು, ಬಿಡುಗಡೆ.

ಇದು ನಡೆಯುವ ಬಗೆ ಒಂದು ಪ್ರಯೋಗದಲ್ಲಿ ಚೆನ್ನಾಗಿ ಕಾಣುತ್ತದೆ. 2011ರಲ್ಲಿ ಆಂತೊನಿ ಬಾಸ್ಟಾರ್ಡಿ, ಎರಿಕ್ ಉಲ್‌ಮನ್, ಲೀ ರಾಸ್ ಮುಂದೆ ಮಕ್ಕಳನ್ನು ಪಡೆಯಬೇಕೆಂದಿದ್ದವರನ್ನು ಆರಿಸಿಕೊಂಡರು. ಮಗುವಿಗೆ ಶಿಶುವಿಹಾರಕ್ಕಿಂತ ಮನೆಯ ಆರೈಕೆಯೇ ಒಳ್ಳೆಯದು ಎಂಬುದನ್ನು ಎಲ್ಲರೂ ಒಪ್ಪಿದ್ದರು. ಆದರೆ ಕೆಲವರು ಮನೆಯಲ್ಲೇ ಬೆಳೆಸುವವರು, ಉಳಿದವರು ಶಿಶುವಿಹಾರಕ್ಕೆ ಬಿಡುವವರು. ಎಲ್ಲರಿಗೂ ಎರಡು ಅಧ್ಯಯನಗಳ ವರದಿ ಕೊಟ್ಟರು: ಒಂದು ಮನೆಯ ಪರ, ಒಂದು ಶಿಶುವಿಹಾರದ ಪರ. ಎರಡರ ವಿಧಾನ ಬೇರೆ ಬೇರೆ. ಯಾವ ವಿಧಾನಕ್ಕೆ ಯಾವ ತೀರ್ಮಾನ ಅಂಟಿದೆ ಎಂಬುದನ್ನು ಅರ್ಧ ಜನರಿಗೆ ಅದಲುಬದಲು ಮಾಡಿದ್ದರು. ಶಿಶುವಿಹಾರಕ್ಕೆ ಬಿಡಬೇಕೆಂದಿದ್ದವರು, ವಿಧಾನ ಯಾವುದೇ ಇರಲಿ, ಶಿಶುವಿಹಾರದ ಪರ ಬಂದ ಅಧ್ಯಯನವನ್ನೇ ಗಟ್ಟಿ ಎಂದರು. ಮನೆಯೇ ಮೇಲು ಎಂಬ ತಮ್ಮ ಮೊದಲಿನ ಅಭಿಪ್ರಾಯವನ್ನೂ ಕೈಬಿಟ್ಟರು. ಯಾರಿಗೂ ತಾವು ಬಯಕೆಗೆ ಸೋತೆವು ಅನ್ನಿಸಿರಲಿಕ್ಕಿಲ್ಲ. ‘ಈ ವಿಧಾನ ಸರಿಯಿದೆ’ ಎಂದೇ ಅನ್ನಿಸಿರಬೇಕು.

ನಮ್ಮ ತರ್ಕಶಾಸ್ತ್ರ ಇದನ್ನು ಇನ್ನೊಂದು ತುದಿಯಿಂದ ನೋಡಿದೆ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ರಾಗ (ಬಯಕೆ), ದ್ವೇಷ, ಮೋಹ (ತಪ್ಪು ತಿಳಿವಳಿಕೆ) ಎಂಬ ಮೂರು ದೋಷಗಳನ್ನು ಹೇಳಿ, ಅವುಗಳಲ್ಲಿ ಮೋಹವೇ ಕೆಟ್ಟದ್ದು, ಮೋಹವಿಲ್ಲದವನಿಗೆ ಉಳಿದೆರಡು ಹುಟ್ಟುವುದಿಲ್ಲ ಎನ್ನುತ್ತದೆ. ಅಂದರೆ ತಪ್ಪು ತಿಳಿವಳಿಕೆ ಮೊದಲು, ಬಯಕೆ ಆಮೇಲೆ. ಈಗಿನ ಮನಶ್ಶಾಸ್ತ್ರ ಬಯಕೆಯಿಂದ ತಪ್ಪು ತಿಳಿವಳಿಕೆ ಹುಟ್ಟುವ ದಾರಿಯನ್ನು ಹೆಚ್ಚು ನೋಡಿದೆ. ಎರಡೂ ದಾರಿಯಲ್ಲಿ ಸಂಚಾರವಿದೆ ಎಂದುಕೊಳ್ಳುವುದೇ ಸರಿ.

ದೇವರು ಮನುಷ್ಯನ ಬಯಕೆಯ ಸೃಷ್ಟಿ ಎಂದು ಮೊದಲು ಹೇಳಿದವರು ಯಾರು?

ಗ್ರೀಕ್ ಕವಿ ಕ್ಸೆನೋಫನೀಸನ ಹೆಸರು ಮೊದಲು ಬರುತ್ತದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲೇ ಆತ, ಎತ್ತು ಕುದುರೆಗಳಿಗೆ ಕೈಯಿದ್ದಿದ್ದರೆ ಅವು ತಮ್ಮ ರೂಪದ ದೇವರನ್ನೇ ಬರೆಯುತ್ತಿದ್ದವು ಎಂದಿದ್ದ. ಆದರೆ ಆತ ನಾಸ್ತಿಕನಲ್ಲ. ಮನುಷ್ಯರನ್ನು ಯಾವ ರೀತಿಯಲ್ಲೂ ಹೋಲದ ಒಬ್ಬ ಮಹಾದೇವನಿದ್ದಾನೆ ಎನ್ನುವುದು ಆತನ ನಿಲುವು. ಸಾಮಾನ್ಯವಾಗಿ ಮೊದಲ ಮಾತನ್ನು ಉಲ್ಲೇಖಿಸಿ ಎರಡನೆಯದನ್ನು ನುಂಗಿಬಿಡುತ್ತಾರೆ.

ವಾದ ಪೂರ್ಣರೂಪಕ್ಕೆ ಬಂದದ್ದು ಜರ್ಮನಿಯ ದಾರ್ಶನಿಕ ಲುಡ್ವಿಗ್ ಫಾಯರ್‌ಬಾಕ್‌ನಿಂದ, 1841ರಲ್ಲಿ. ಮನುಷ್ಯ ತನ್ನ ಶ್ರೇಷ್ಠ ಗುಣಗಳಾದ ಜ್ಞಾನ, ಪ್ರೀತಿ, ಶಕ್ತಿಗಳನ್ನು ತನ್ನಿಂದ ಹೊರಗಿಟ್ಟು, ಮಿತಿಯಿಲ್ಲದಷ್ಟು ಹಿಗ್ಗಿಸಿ, ಅದಕ್ಕೇ ಕೈಮುಗಿಯುತ್ತಾನೆ ಎಂದು ಆತನ ವಾದ. 1844ರಲ್ಲಿ ಮಾರ್ಕ್ಸ್ ಅದಕ್ಕೆ ಸಾಮಾಜಿಕ ಕಾರಣ ಸೇರಿಸಿದ. ಧರ್ಮ ಜನರ ಅಫೀಮು ಎಂಬ ಮಾತು ಎಲ್ಲರಿಗೂ ಗೊತ್ತು. ಅದೇ ಕಡೆ ಧರ್ಮವನ್ನು ತುಳಿತಕ್ಕೊಳಗಾದವರ ನಿಟ್ಟುಸಿರು ಎಂದೂ ಕರೆದಿದ್ದಾನೆ. 1927ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಅದನ್ನು ಮನಸ್ಸಿನೊಳಕ್ಕೆ ತಂದ: ಅಸಹಾಯಕ ಮಗುವಿಗೆ ಕಾಪಾಡುವ ತಂದೆ ಬೇಕಿತ್ತು, ದೊಡ್ಡವನಾದ ಮೇಲೂ ಪ್ರಕೃತಿ ಮತ್ತು ಸಾವಿನ ಮುಂದೆ ಅಸಹಾಯಕತೆ ಹಾಗೇ ಉಳಿಯುವುದರಿಂದ ಇನ್ನೂ ದೊಡ್ಡ ತಂದೆ ಬೇಕಾದ.

ಹಾಗಾದರೆ ಫ್ರಾಯ್ಡ್ ದೇವರಿಲ್ಲ ಎಂದು ಸಾಧಿಸಿದಂತೆಯೇ?

ಇಲ್ಲ, ಸಾಧಿಸಿದ್ದೇನೆ ಎಂದು ಆತನೂ ಹೇಳಲಿಲ್ಲ. ಆತ ಬಳಸಿದ್ದು ‘ಭ್ರಮೆ’ ಎಂಬ ಅರ್ಥದ ಮಾತು, ಆದರೆ ಅದಕ್ಕೆ ಕೊಟ್ಟ ಲಕ್ಷಣ ಬಯಕೆಯಿಂದ ಹುಟ್ಟಿದ್ದು ಎಂದಷ್ಟೇ, ಸುಳ್ಳೇ ಆಗಿರಬೇಕೆಂದಿಲ್ಲ. ಸಾಮಾನ್ಯ ಮನೆತನದ ಹುಡುಗಿ ರಾಜಕುಮಾರ ಬಂದು ಮದುವೆಯಾಗುತ್ತಾನೆ ಎಂದು ನಂಬುವುದನ್ನು ಉದಾಹರಣೆ ಕೊಟ್ಟು, ಅಂಥದ್ದು ಅಪರೂಪಕ್ಕೆ ನಡೆದದ್ದೂ ಉಂಟು ಎನ್ನುತ್ತಾನೆ. ದೇವರಿಲ್ಲ ಎಂಬ ಆತನ ನಂಬಿಕೆ ಬೇರೆ ಕಾರಣಗಳ ಮೇಲೆ ನಿಂತಿತ್ತು.

ಬಯಕೆಯಿಂದ ಹುಟ್ಟಿದ ನಂಬಿಕೆ ಸುಳ್ಳೇ ಅಲ್ಲವೇ?

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.’ ರೋಗಿ ಬಯಸಿದ ಎಂದ ಮಾತ್ರಕ್ಕೆ ವೈದ್ಯ ಹೇಳಿದ್ದು ತಪ್ಪಾಗುವುದಿಲ್ಲ, ಸರಿಯೂ ಆಗುವುದಿಲ್ಲ. ನಂಬಿಕೆಯ ಹುಟ್ಟನ್ನು ತೋರಿಸಿ ಅದರ ಸತ್ಯಾಸತ್ಯ ತೀರ್ಮಾನಿಸುವುದು ತರ್ಕದೋಷ. ಬೆಂಜೀನ್ ಅಣುವಿನ ಉಂಗುರದಾಕಾರದ ರಚನೆಯನ್ನು 1865ರಲ್ಲಿ ಮುಂದಿಟ್ಟ ರಸಾಯನಶಾಸ್ತ್ರಜ್ಞ ಕೆಕುಲೆ, ತನ್ನ ಬಾಲವನ್ನೇ ಕಚ್ಚಿಕೊಂಡ ಹಾವನ್ನು ಜೊಂಪಿನಲ್ಲಿ ಕಂಡದ್ದರಿಂದ ಅದು ಹೊಳೆಯಿತು ಎಂದು 1890ರಲ್ಲಿ ಹೇಳಿದ. ರಸಾಯನಶಾಸ್ತ್ರಜ್ಞರು ಹಾವಿನ ಸುದ್ದಿಗೆ ಹೋಗಲಿಲ್ಲ. ರಚನೆ ಪ್ರಯೋಗಗಳಿಗೆ ಹೊಂದುತ್ತದೆಯೇ ಎಂದು ನೋಡಿದರು, ಹೊಂದಿತು.

ಇಷ್ಟಕ್ಕೇ ಆಸ್ತಿಕರು ನಿರಾಳವಾಗಬಾರದು. ನಂಬಿಕೆ ಸುಳ್ಳು ಎನ್ನುವುದು ಒಂದು ಆರೋಪ, ನಂಬಲು ಆಧಾರ ಸಾಲದು ಎನ್ನುವುದು ಇನ್ನೊಂದು. ಹುಟ್ಟಿನ ವಿಚಾರ ಮೊದಲನೆಯದಕ್ಕೆ ತಾಗುವುದಿಲ್ಲ, ಎರಡನೆಯದಕ್ಕೆ ತಾಗುತ್ತದೆ. ಸತ್ಯ ಏನೇ ಇದ್ದಿದ್ದರೂ ನನ್ನ ಬಯಕೆ ನನ್ನನ್ನು ಇದೇ ನಂಬಿಕೆಗೆ ತರುತ್ತಿತ್ತು ಎಂದಾದರೆ ಆ ನಂಬಿಕೆ ಸತ್ಯದ ಬಗ್ಗೆ ಏನೂ ತಿಳಿಸುವುದಿಲ್ಲ. ಕೆಕುಲೆಯನ್ನು ಉಳಿಸಿದ್ದು ಆಮೇಲಿನ ಪ್ರಯೋಗಗಳು.

ಇದಕ್ಕೆ ಅಮೆರಿಕದ ದಾರ್ಶನಿಕ ಆಲ್ವಿನ್ ಪ್ಲಾಂಟಿಂಗ ಒಂದು ಜಾಣ ಉತ್ತರ ಕೊಟ್ಟಿದ್ದಾನೆ. ದೇವರಿದ್ದರೆ, ತನ್ನನ್ನು ಅರಿಯಲೆಂದೇ ಆ ಹಂಬಲವನ್ನು ಮನುಷ್ಯನಲ್ಲಿ ಇಟ್ಟಿರಬಹುದು. ಆಗ ಆ ಬಯಕೆ ಸತ್ಯದ ಕಡೆಗೇ ಒಯ್ಯುವ ದಾರಿ. ಹಾಗಾಗಿ ದೇವರಿಲ್ಲ ಎಂದು ಮೊದಲೇ ಊಹಿಸಿಕೊಳ್ಳದೆ ಫ್ರಾಯ್ಡನ ಟೀಕೆ ನಿಲ್ಲುವುದಿಲ್ಲ. ವಾದ ಸರಿಯಾಗಿದೆ. ಆದರೆ ಅದು ಗುರಾಣಿ ಮಾತ್ರ. ದೇವರಿದ್ದಾನೆ ಎಂದು ತೋರಿಸುವ ಶಕ್ತಿ ಅದಕ್ಕಿಲ್ಲ.

ದೇವರು ಬೇಡ ಎಂದು ಯಾರಾದರೂ ಯಾಕೆ ಬಯಸುತ್ತಾರೆ? ಅಮರತ್ವ ಯಾರಿಗೆ ಬೇಡ?

ದೇವರು ಎಂದರೆ ಬರೀ ಅಮರತ್ವವಲ್ಲ. ಎಲ್ಲವನ್ನೂ ನೋಡುವವನು, ಲೆಕ್ಕ ಕೇಳುವವನು, ಬದುಕಿಗೆ ಒಂದು ಉದ್ದೇಶವನ್ನು ನನ್ನನ್ನು ಕೇಳದೆ ನಿಗದಿ ಮಾಡಿದವನು ಎಂಬುದೂ ಸೇರಿಕೊಂಡಿದೆ. ಈ ಭಾಗ ಬೇಡವೆನ್ನಲು ಕಾರಣಗಳಿಗೆ ಬರವಿಲ್ಲ.

ಇದನ್ನು ಬಾಯಿಬಿಟ್ಟು ಹೇಳಿದವರಿದ್ದಾರೆ. ದಾರ್ಶನಿಕ ಥಾಮಸ್ ನೇಗಲ್ 1997ರಲ್ಲಿ ಬರೆದದ್ದು ಹೆಚ್ಚು ಪ್ರಸಿದ್ಧ: ತಾನು ನಾಸ್ತಿಕ ಮಾತ್ರವಲ್ಲ, ದೇವರಿಲ್ಲದಿರಲಿ ಎಂದು ಬಯಸುವವನು, ಜಗತ್ತು ಹಾಗಿರುವುದೇ ತನಗೆ ಬೇಡ ಎಂದರು. ಧರ್ಮದ ಬಗೆಗಿನ ಈ ಹೆದರಿಕೆ ತಮ್ಮೊಬ್ಬರದಲ್ಲ, ವಿದ್ವತ್ ವಲಯದಲ್ಲಿ ಸಾಕಷ್ಟು ಹರಡಿದೆ, ಎಲ್ಲವನ್ನೂ ಜೀವವಿಕಾಸದಿಂದಲೇ ವಿವರಿಸಿಬಿಡುವ ಆತುರಕ್ಕೆ ಅದೂ ಒಂದು ಕಾರಣ ಎಂದೂ ಸೇರಿಸಿದರು. ಅವರು ಇದನ್ನು ಹೇಳಿದ ಮೇಲೂ ನಾಸ್ತಿಕರಾಗಿಯೇ ಉಳಿದರು. ಅದರಲ್ಲಿ ವಿರೋಧವೇನೂ ಇಲ್ಲ. ಬಯಕೆಯನ್ನು ಒಪ್ಪಿಕೊಂಡವನ ವಾದ ಅದರಿಂದ ಬಿದ್ದುಹೋಗುವುದಿಲ್ಲ. ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ 1937ರಲ್ಲಿ ಇನ್ನೂ ಮುಂದೆ ಹೋಗಿ, ಹಿಂದೆ ತನಗೂ ತನ್ನ ಗೆಳೆಯರಿಗೂ ಜಗತ್ತಿಗೆ ಅರ್ಥವಿಲ್ಲ ಎನ್ನುವುದು ಅನುಕೂಲವಾಗಿತ್ತು, ನೀತಿಯ ಕಟ್ಟುಪಾಡಿನಿಂದ, ಅದರಲ್ಲೂ ಲೈಂಗಿಕ ಕಟ್ಟುಪಾಡಿನಿಂದ ಅದು ಬಿಡುಗಡೆ ಕೊಡುತ್ತಿತ್ತು ಎಂದು ಬರೆದ. ಪೋಲೆಂಡಿನ ಕವಿ ಚೆಸ್ವಾಫ್ ಮಿವೋಶ್ ಮಾರ್ಕ್ಸ್‌ನ ಮಾತನ್ನೇ ತಿರುಗಿಸಿ, ಸತ್ತ ಮೇಲೆ ಏನೂ ಇಲ್ಲ, ಯಾರೂ ಲೆಕ್ಕ ಕೇಳುವುದಿಲ್ಲ ಎನ್ನುವುದೇ ನಿಜವಾದ ಅಫೀಮು ಎಂದ.

ಈ ಮೂವರನ್ನು ಇಟ್ಟುಕೊಂಡು ಎಲ್ಲ ನಾಸ್ತಿಕರೂ ಹೀಗೇ ಎನ್ನುವುದು ಅನ್ಯಾಯ. ದೇವರನ್ನು ಕಳೆದುಕೊಂಡು ವರ್ಷಗಟ್ಟಲೆ ಕೊರಗಿದವರು, ಮನೆ ನೆಂಟಸ್ತಿಕೆ ಕಳೆದುಕೊಂಡವರು, ನಂಬಿಕೆ ಉಳಿದಿದ್ದರೆ ಚೆನ್ನಾಗಿತ್ತು ಎನ್ನುವವರು ಬೇಕಾದಷ್ಟಿದ್ದಾರೆ. ಬಯಕೆಗೆ ಎದುರಾಗಿ ಬಂದ ಅಪನಂಬಿಕೆ ಅದು.

ಪ್ರಾಚೀನ ಭಾರತದ ಭೌತವಾದಿಗಳಾದ ಚಾರ್ವಾಕರು ಸುಖಕ್ಕಾಗಿಯೇ ಪರಲೋಕ ಅಲ್ಲಗಳೆದರಲ್ಲವೇ?

ಹಾಗೆಂದವರು ಅವರ ಎದುರಾಳಿಗಳು. ‘ಸಾಲ ಮಾಡಿಯಾದರೂ ತುಪ್ಪ ಕುಡಿ’ ಎನ್ನುವ ಮಾತು ನಮಗೆ ಸಿಗುವುದು 14ನೇ ಶತಮಾನದ ಸರ್ವದರ್ಶನಸಂಗ್ರಹದಂಥ, ಅವರನ್ನು ಖಂಡಿಸುವ ಗ್ರಂಥಗಳಲ್ಲಿ. ಅವರ ಮುಖ್ಯ ವಾದವಾದರೋ ಪ್ರಮಾಣದ ಬಗ್ಗೆ: ಪ್ರತ್ಯಕ್ಷವೊಂದೇ ಪ್ರಮಾಣ (ಸರಿಯಾದ ತಿಳಿವಿಗೆ ಸಾಧನ), ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನು, ನೆಚ್ಚಿಕೊಳ್ಳಲಾಗದು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಅದಕ್ಕೆ ಉತ್ತರ ಹುಡುಕಲು ಶತಮಾನಗಳ ಕಾಲ ಶ್ರಮಪಟ್ಟರು. ತುಪ್ಪದ ಗೇಲಿ ಜನರ ನೆನಪಿನಲ್ಲಿ ಉಳಿಯಿತು, ಪ್ರಮಾಣದ ಪ್ರಶ್ನೆ ಪಂಡಿತರ ಪಾಲಾಯಿತು. ಬಯಕೆಯ ಆರೋಪ ಇತಿಹಾಸದಲ್ಲಿ ಏನು ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಧರ್ಮವೆಲ್ಲ ಬಯಕೆಯಿಂದ ಹುಟ್ಟಿದ್ದಾದರೆ ನರಕ ಎಲ್ಲಿಂದ ಬಂತು?

ಬಯಕೆಯ ಸಿದ್ಧಾಂತಕ್ಕೆ ಇದು ಗಟ್ಟಿ ತೊಡಕು. ನರಕವೊಂದೇ ಅಲ್ಲ. ಹೋಮರನ ಕಾವ್ಯದಲ್ಲಿ ಸತ್ತ ವೀರ ಅಕಿಲೀಸ್, ಸತ್ತವರ ಲೋಕಕ್ಕೆಲ್ಲ ರಾಜನಾಗಿರುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಆಳಾಗಿರುವುದು ಮೇಲು ಎನ್ನುತ್ತಾನೆ. ಪ್ರಾಚೀನ ಮೆಸೊಪೊಟೇಮಿಯದ ಪಾತಾಳದಲ್ಲಿ ಸತ್ತವರಿಗೆ ಕತ್ತಲೆ, ತಿನ್ನಲು ಮಣ್ಣು. ಬೇಕು ಎಂದು ಕಟ್ಟಿಕೊಂಡ ಪರಲೋಕವೇ ಇದಾಗಿದ್ದರೆ ಕಟ್ಟಿದವರ ಕೈ ಬಹಳ ಬಿಗಿಯಾಗಿತ್ತು ಎನ್ನಬೇಕು.

ಭಾರತೀಯ ದರ್ಶನಗಳೂ ಈ ಸಿದ್ಧಾಂತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಬೌದ್ಧರಿಗೆ ಸೃಷ್ಟಿಕರ್ತ ಬೇಡ, ಆದರೆ ಪುನರ್ಜನ್ಮ ಉಂಟು. ಅದೂ ಬಯಸುವ ವಸ್ತುವಲ್ಲ, ಬಿಡಿಸಿಕೊಳ್ಳಬೇಕಾದ ಬಂಧನ. ವೇದದ ಕರ್ಮಭಾಗವನ್ನೇ ಮುಖ್ಯವೆಂದ ಪೂರ್ವಮೀಮಾಂಸಕರು ಯಜ್ಞವನ್ನು ಅಕ್ಷರಶಃ ಪಾಲಿಸಬೇಕೆಂದವರು, ಸ್ವರ್ಗಫಲವನ್ನೂ ಒಪ್ಪಿದವರು, ಆದರೂ ಜಗತ್ತನ್ನು ಸೃಷ್ಟಿಸಿದ ಈಶ್ವರನಿಗೆ ಅವರಲ್ಲಿ ಪ್ರಮುಖನಾದ ಕುಮಾರಿಲಭಟ್ಟ ಜಾಗ ಕೊಡಲಿಲ್ಲ. ಕಾಪಾಡುವ ತಂದೆಯ ಹಂಬಲದಿಂದಲೇ ಧರ್ಮ ಹುಟ್ಟಿತು ಎನ್ನುವವರು ಇವರನ್ನೆಲ್ಲ ಎಲ್ಲಿಡುತ್ತಾರೆ?

ಸಿದ್ಧಾಂತದ ಪರ ನಿಲ್ಲುವವರು, ಶಿಕ್ಷೆಯ ಕಲ್ಪನೆ ನಮ್ಮ ಶತ್ರುಗಳಿಗಾಗಿ ಎಂದೋ, ನ್ಯಾಯ ಸಿಗಲೇಬೇಕೆಂಬ ಬಯಕೆಯೂ ಬಯಕೆಯೇ ಎಂದೋ ಉತ್ತರಿಸಬಹುದು. ತಕ್ಕಮಟ್ಟಿಗೆ ಒಪ್ಪಬಹುದು. ಆದರೆ ಸಿಹಿ ಸಿಕ್ಕರೂ ಬಯಕೆ, ಕಹಿ ಸಿಕ್ಕರೂ ಬಯಕೆ ಎನ್ನುವ ಸಿದ್ಧಾಂತ ಯಾವ ಸಾಕ್ಷಿಯಿಂದಲೂ ಬೀಳದಂತಾಗುತ್ತದೆ. ಬೀಳಲಾರದ ಸಿದ್ಧಾಂತದಿಂದ ತಿಳಿಯುವುದೂ ಕಡಿಮೆ.

‘ಸಂಕಟ ಬಂದಾಗ ವೆಂಕಟರಮಣ’ ಎನ್ನುವುದು ಸಂಶೋಧನೆಯಲ್ಲಿ ಕಂಡಿದೆಯೇ?

ಅರ್ಧ ಕಂಡಿದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರುವರಿ 22ರಂದು ಭಾರಿ ಭೂಕಂಪವಾಯಿತು. ಅದೃಷ್ಟಕ್ಕೆ, ಅದಕ್ಕೂ ಮೊದಲೇ ಅಲ್ಲಿನ ಒಂದು ದೊಡ್ಡ ರಾಷ್ಟ್ರೀಯ ಸಮೀಕ್ಷೆ ಅದೇ ಜನರನ್ನು ಪ್ರಶ್ನಿಸಿತ್ತು. ಕ್ರಿಸ್ ಸಿಬ್ಲಿ, ಜೋಸೆಫ್ ಬುಲ್‌ಬೂಲಿಯ ಮುಂಚಿನ ಮತ್ತು ನಂತರದ ಉತ್ತರಗಳನ್ನು ಹೋಲಿಸಿದಾಗ, ಉಳಿದ ಕಡೆ ಧರ್ಮ ಬಿಡುವವರು ಹೆಚ್ಚುತ್ತಿದ್ದರೂ ಕಂಪನ ತಟ್ಟಿದವರಲ್ಲಿ ಮಾತ್ರ ನಂಬಿಕೆಗೆ ಬಂದವರು ಹೆಚ್ಚಿದ್ದರು. ಆದರೆ ನಂಬಿಕೆಗೆ ಬಂದ ಮಾತ್ರಕ್ಕೆ ಅವರ ನೆಮ್ಮದಿ ಹೆಚ್ಚಿದ ಸುಳಿವು ಸಿಗಲಿಲ್ಲ.

ಪ್ರಯೋಗಾಲಯದ ಕಥೆ ಇಷ್ಟು ಸಲೀಸಲ್ಲ. ತನ್ನ ಕೈಯಲ್ಲಿ ಏನೂ ಇಲ್ಲ ಎನ್ನುವ ಭಾವ ಮೂಡಿಸಿದರೆ ಎಲ್ಲವನ್ನೂ ನಡೆಸುವ ದೇವರಲ್ಲಿ ನಂಬಿಕೆ ಏರುತ್ತದೆ ಎಂದು ಆರನ್ ಕೇ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದ್ದರು. ಹತ್ತು ವರ್ಷಗಳ ಬಳಿಕ, ಕೇ ಅವರೂ ಸೇರಿಕೊಂಡು, ವಿಧಾನವನ್ನು ಮೊದಲೇ ಬರೆದಿಟ್ಟು ಎರಡು ದೇಶಗಳಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಹಳೆಯ ಫಲಿತಾಂಶ ಮಾತ್ರ ಈಗಲೂ ಭಾಷಣಗಳಲ್ಲಿ ಓಡಾಡುತ್ತಿದೆ.

ಸಾವನ್ನು ನೆನಪಿಸಿದರೆ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಜೊನಾಥನ್ ಜಾಂಗ್ ತಂಡದ 2012ರ ಅಧ್ಯಯನದಲ್ಲಿ ಆಸ್ತಿಕರು ತಮ್ಮ ನಂಬಿಕೆಯಲ್ಲಿ ಇನ್ನಷ್ಟು ಗಟ್ಟಿಯಾದರು, ನಾಸ್ತಿಕರು ತಮ್ಮ ಅಪನಂಬಿಕೆಯಲ್ಲಿ. ಬಾಯಿಮಾತಿನಲ್ಲಿ ಹೀಗೆ. ಪರೋಕ್ಷವಾಗಿ, ಉತ್ತರಿಸಲು ಹಿಡಿದ ಸಮಯದಿಂದ ಅಳೆದಾಗ ನಾಸ್ತಿಕರ ನಿರಾಕರಣೆ ಸ್ವಲ್ಪ ಸಡಿಲಾಗಿ ಕಂಡಿತು. ಸಾವಿನ ಎದುರಿಗೆ ಮನುಷ್ಯ ದೇವರನ್ನೇ ಹಿಡಿಯುತ್ತಾನೆ ಎನ್ನುವುದಕ್ಕಿಂತ, ಈಗಾಗಲೇ ಹಿಡಿದಿರುವುದನ್ನು ಬಿಗಿಯಾಗಿ ಹಿಡಿಯುತ್ತಾನೆ ಎನ್ನುವುದು ಇದಕ್ಕೆ ಹತ್ತಿರ.

ಬಯಕೆಯ ಪ್ರಭಾವ ಅತಿ ಸ್ಪಷ್ಟವಾಗಿ ಕಾಣುವುದು ಎಲ್ಲಿ?

ದೇವರಿದ್ದಾನೆಯೇ ಎಂಬುದಕ್ಕಿಂತ ‘ದೇವರಿಗೆ ಏನು ಇಷ್ಟ’ ಎಂಬಲ್ಲಿ. ನಿಕೊಲಸ್ ಎಪ್ಲಿ ತಂಡ 2009ರಲ್ಲಿ ಅಮೆರಿಕದ ಆಸ್ತಿಕರನ್ನು ಮರಣದಂಡನೆಯಂಥ ವಿವಾದಗಳ ಬಗ್ಗೆ ಮೂರು ಪ್ರಶ್ನೆ ಕೇಳಿತು: ನಿಮ್ಮ ಅಭಿಪ್ರಾಯವೇನು, ಸಾಮಾನ್ಯ ಜನರದ್ದೇನು, ದೇವರದ್ದೇನು? ದೇವರ ಅಭಿಪ್ರಾಯ ಉತ್ತರಿಸುವವರ ಅಭಿಪ್ರಾಯಕ್ಕೇ ಹತ್ತಿರವಿತ್ತು. ದೇವರ ಮಾತು ಕೇಳಿ ತಮ್ಮ ಅಭಿಪ್ರಾಯ ರೂಪಿಸಿಕೊಂಡಿರಬಹುದಲ್ಲ ಎಂಬ ಆಕ್ಷೇಪ ಸಹಜ. ಅದಕ್ಕಾಗಿ ಇನ್ನೊಂದು ಹೆಜ್ಜೆ ಇಟ್ಟರು. ತಮ್ಮ ನಿಲುವಿಗೆ ಎದುರಾದ ಭಾಷಣವನ್ನು ಬರೆದು ಮಾಡಲು ಹೇಳಿದರು. ಹೀಗೆ ಮಾಡಿದವರ ಸ್ವಂತ ನಿಲುವು ಸ್ವಲ್ಪ ಸರಿಯುತ್ತದೆ. ಅದರ ಜೊತೆಗೇ ದೇವರ ನಿಲುವೂ ಸರಿಯಿತು. ಸಾಮಾನ್ಯ ಜನರ ನಿಲುವಿನ ಅಂದಾಜು ಹಾಗೆ ಸರಿಯಲಿಲ್ಲ.

ಇದು ದೇವರಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಆದರೆ ‘ಇದು ದೇವರ ಇಚ್ಛೆ’ ಎಂದು ಯಾರಾದರೂ ಹೇಳಿದಾಗ, ಆ ಇಚ್ಛೆ ಹೇಳುವವರಿಗೆ ಎಂದಾದರೂ ಅನನುಕೂಲವಾಗಿತ್ತೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ.

ನಾಸ್ತಿಕರು ಹೆಚ್ಚು ವಿಚಾರಶೀಲರು, ಹಾಗಾಗಿ ಬಯಕೆಗೆ ಕಡಿಮೆ ಸಿಕ್ಕುತ್ತಾರೆ ಎನ್ನಬಹುದೇ?

ಹಾಗೆ ತೋರಿಸಿದ ಪ್ರಸಿದ್ಧ ಪ್ರಯೋಗ ನಿಂತಿಲ್ಲ. ರೊಡಾನ್‌ನ ‘ಚಿಂತಕ’ ಶಿಲ್ಪದ ಚಿತ್ರ ನೋಡಿದವರಲ್ಲಿ ದೇವರ ನಂಬಿಕೆ ಇಳಿಯುತ್ತದೆ ಎಂದು 2012ರಲ್ಲಿ ಬಂದ ಫಲಿತಾಂಶ 2017ರ ಮರುಪ್ರಯೋಗದಲ್ಲಿ ಸಿಗಲಿಲ್ಲ. ಯಾರು ನಂಬುತ್ತಾರೆ ಎಂದು ಊಹಿಸಲು ವಿಚಾರಶೀಲತೆಗಿಂತ ಬೆಳೆದ ಪರಿಸರ ಹೆಚ್ಚು ನೆರವಾಗುತ್ತದೆ: ಸುತ್ತಲಿನ ಹಿರಿಯರು ಬಾಯಲ್ಲಿ ಹೇಳಿದ್ದಕ್ಕಿಂತ, ನಂಬಿಕೆಗಾಗಿ ಸಮಯ, ಹಣ, ಸುಖ ಬಿಟ್ಟುಕೊಟ್ಟದ್ದನ್ನು ಮಗು ಎಷ್ಟು ಕಂಡಿದೆ ಎನ್ನುವುದು. ಬಯಕೆಯ ಬಗ್ಗೆ ಇಷ್ಟೆಲ್ಲ ವಾದಿಸುವಾಗ ಈ ಸಪ್ಪೆ ಕಾರಣ ಮರೆತುಹೋಗುತ್ತದೆ.

ಬೇಕೆಂದೇ ನಂಬುವುದು ತಪ್ಪೇ?

ಇಲ್ಲಿ ಎರಡು ಪಕ್ಷ. ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಯಜಮಾನನನ್ನು ಕಲ್ಪಿಸಿದ. ಹಡಗು ಹಳೆಯದು, ದುರಸ್ತಿ ದುಬಾರಿ. ಎಷ್ಟೋ ಬಿರುಗಾಳಿ ದಾಟಿದೆ, ಇದನ್ನೂ ದಾಟುತ್ತದೆ ಎಂದು ಅನುಮಾನವನ್ನು ತಾನೇ ಒತ್ತಿಹಾಕಿ, ಮನಃಪೂರ್ವಕವಾಗಿ ನಂಬಿ, ಜನರನ್ನು ಹತ್ತಿಸಿ ಕಳಿಸಿದ. ಹಡಗು ಮುಳುಗಿತು, ವಿಮೆಯ ಹಣ ಬಂತು. ಕ್ಲಿಫರ್ಡ್ ಕೇಳುವುದು: ಹಡಗು ಮುಳುಗದೆ ದಡ ಸೇರಿದ್ದರೆ ಆತ ನಿರಪರಾಧಿಯೇ? ಅಲ್ಲ, ಸಿಕ್ಕಿಬೀಳದ ಅಪರಾಧಿ, ಅಷ್ಟೇ.

ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟ. ಸಾಕ್ಷಿಯಿಂದ ತೀರ್ಮಾನವಾಗದ ಪ್ರಶ್ನೆಯಾಗಿದ್ದು, ಎರಡು ದಾರಿಯೂ ನನಗೆ ಜೀವಂತವಾಗಿದ್ದು, ಆರಿಸದೆ ಇರುವುದು ಸಾಧ್ಯವೇ ಇಲ್ಲದಿದ್ದು, ಪರಿಣಾಮ ಗಂಭೀರವಾಗಿದ್ದರೆ ಮಾತ್ರ ಹೃದಯದ ಮಾತು ಕೇಳುವ ಹಕ್ಕಿದೆ ಎಂದ. ಷರತ್ತುಗಳನ್ನೆಲ್ಲ ಬಿಟ್ಟು ‘ಜೇಮ್ಸ್ ಇಷ್ಟ ಬಂದದ್ದು ನಂಬಬಹುದು ಅಂದಿದ್ದಾನೆ’ ಎಂದು ಉಲ್ಲೇಖಿಸುವುದು ಸಾಮಾನ್ಯ ತಪ್ಪು. ನಮ್ಮ ನೋಟದಲ್ಲಿ ಬೇರೆಯವರ ಜೀವ, ಹಣ, ಸ್ವಾತಂತ್ರ್ಯ ನಿಮ್ಮ ನಂಬಿಕೆಯ ಮೇಲೆ ನಿಂತಿದ್ದರೆ ಕ್ಲಿಫರ್ಡ್ ಸರಿ. ನಿಮ್ಮದೇ ಬದುಕಿನ ದಿಕ್ಕಿನ ಪ್ರಶ್ನೆಯಾದರೆ ಜೇಮ್ಸ್‌ಗೆ ಹೆಚ್ಚು ಜಾಗ ಕೊಡಬಹುದು.

ಪಾಸ್ಕಲ್‌ನ ಪಣದ ವಾದವೂ ಇಲ್ಲೇ ಬರುತ್ತದೆ: ದೇವರಿದ್ದಾನೆ ಎಂದು ಪಣ ಕಟ್ಟಿದರೆ ಗೆದ್ದಾಗ ಲಾಭ ಅಪಾರ, ಸೋತಾಗ ನಷ್ಟ ಅಲ್ಪ. ನಂಬಿದರೆ ಲಾಭ ಎಂದು ಒಪ್ಪಿದೆ, ಆದರೆ ನಂಬಲು ಆಗುತ್ತಿಲ್ಲ ಎನ್ನುವವನಿಗೆ ಆತ ಕೊಡುವ ಸಲಹೆ: ವಾದ ಹೆಚ್ಚಿಸಬೇಡ, ವಿಷಯಾಸಕ್ತಿ ಕಡಿಮೆ ಮಾಡು, ನಂಬುವವರಂತೆ ನಡೆದುಕೋ, ನಂಬಿಕೆ ಹಿಂದೆಯೇ ಬರುತ್ತದೆ. ಅಪನಂಬಿಕೆಯ ಬೇರು ಬಯಕೆಯಲ್ಲಿದೆ ಎಂದು ಆತ ಎಣಿಸಿದ್ದು ಸ್ಪಷ್ಟ. ಉಪಾಯ ಫಲಿಸಲೂಬಹುದು. ಆದರೆ ಅದೇ ಉಪಾಯ ಯಾವ ಪಂಥಕ್ಕಾದರೂ ಫಲಿಸುತ್ತದೆ ಎನ್ನುವುದೇ ಅದರ ಕೊರತೆ.

ನನ್ನ ನಂಬಿಕೆಯಲ್ಲಿ ಬಯಕೆ ಎಷ್ಟಿದೆ ಎಂದು ಹೇಗೆ ನೋಡಿಕೊಳ್ಳಲಿ?

ಮನಸ್ಸಿನಲ್ಲೇ ಮಾಡಬೇಡಿ, ಕಾಗದದ ಮೇಲೆ ಮಾಡಿ. ಒಂದು ಗಂಟೆ ಸಾಕು, ಒಂದು ತಿಂಗಳ ನಂತರ ಇನ್ನೊಂದು ಗಂಟೆ.

1. ‘ದೇವರು’ ಎಂದು ಒಂದೇ ಸಾಲು ಬರೆಯದೆ ಒಡೆದು ಬರೆಯಿರಿ: ಜಗತ್ತಿಗೆ ಕರ್ತೃ ಇದ್ದಾನೆ, ಪ್ರಾರ್ಥನೆ ಕೇಳುತ್ತಾನೆ, ಸತ್ತ ಮೇಲೆ ಲೆಕ್ಕ ಕೇಳುತ್ತಾನೆ. ಒಂದೊಂದಕ್ಕೂ ನಿಮ್ಮ ನಂಬಿಕೆಯನ್ನು 0ಯಿಂದ 100ರೊಳಗೆ ಗುರುತಿಸಿ, ತಾರೀಖು ಹಾಕಿ. ಹಿತವಾದ ಸಾಲಿಗೆ 90, ಅಹಿತವಾದದ್ದಕ್ಕೆ 10 ಬಿದ್ದಿದ್ದರೆ ಅಲ್ಲೇ ನಿಂತು ನೋಡಿ. ಮೂರಕ್ಕೂ ನಿಮ್ಮಲ್ಲಿರುವ ಆಧಾರ ಹೆಚ್ಚುಕಡಿಮೆ ಒಂದೇ ಇರಬಹುದು.

2. ಪ್ರತಿ ಸಾಲೂ ನಿಜವಾದರೆ ನಿಮಗೇನು ಲಾಭ, ಏನು ನಷ್ಟ, ಸುಳ್ಳಾದರೆ ಏನು ಎಂದು ಬರೆಯಿರಿ. ಸಾವು, ಪಾಪಗಳನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಮನೆಯವರ ಮುಖ, ಗೆಳೆಯರ ನಡುವಿನ ಮರ್ಯಾದೆ, ಇಷ್ಟು ವರ್ಷ ವಾದಿಸಿದ ಹಟ.

3. ನಿಮ್ಮ ಅತಿ ಗಟ್ಟಿ ವಾದವನ್ನು ತೆಗೆದುಕೊಂಡು ವಿಧಾನ ಹಾಗೇ ಇಟ್ಟು ತೀರ್ಮಾನ ತಿರುಗಿಸಿ. ‘ಪ್ರಾರ್ಥಿಸಿದೆ, ಕೆಲಸವಾಯಿತು’ ಎನ್ನುವುದು ಸಾಕ್ಷಿಯಾದರೆ ‘ಪ್ರಾರ್ಥಿಸಿದೆ, ಆಗಲಿಲ್ಲ’ ಎನ್ನುವುದನ್ನೂ ಎದುರು ಸಾಕ್ಷಿಯಾಗಿ ಎಣಿಸುತ್ತೀರಾ? ‘ವಿಜ್ಞಾನ ವಿವರಿಸಿದೆ, ಹಾಗಾಗಿ ದೇವರು ಬೇಕಿಲ್ಲ’ ಎನ್ನುವವರು, ವಿಜ್ಞಾನ ಇನ್ನೂ ವಿವರಿಸದ ಕಡೆ ದೇವರಿಗೆ ಅಂಕ ಕೊಡುತ್ತೀರಾ? ಒಂದು ಕಡೆಗೆ ಮಾತ್ರ ತೂಗುವ ತಕ್ಕಡಿ ಇಲ್ಲಿ ಸಿಕ್ಕಿಬೀಳುತ್ತದೆ.

4. ಓದು ಶುರು ಮಾಡುವ ಮೊದಲೇ ಎಲ್ಲಿ ನಿಲ್ಲಿಸುತ್ತೀರಿ ಎಂದು ನಿಗದಿ ಮಾಡಿ: ಪರ ಮೂರು, ವಿರೋಧ ಮೂರು ಒಳ್ಳೆಯ ಬರಹಗಳು. ಬಯಕೆ ಹೆಚ್ಚು ಗೆಲ್ಲುವುದು ನಿಲ್ಲಿಸುವ ಹೊತ್ತಿನಲ್ಲಿ.

5. ಎದುರು ಪಕ್ಷದ ವಾದವನ್ನು ನಿಮ್ಮ ಮಾತಿನಲ್ಲಿ ಬರೆದು ಆ ಪಕ್ಷದವರೊಬ್ಬರಿಗೆ ತೋರಿಸಿ. ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವವರೆಗೆ ತಿದ್ದಿ.

6. ತಿಂಗಳ ನಂತರ ಹಳೆಯ ಅಂಕ ನೋಡದೆ ಮತ್ತೆ ಅಂಕ ಹಾಕಿ. ಸಾವಿನ ಮನೆಯಿಂದ ಬಂದ ದಿನವಾಗಲಿ ಜಗಳವಾಡಿದ ದಿನವಾಗಲಿ ಬೇಡ.

ಈ ಪರೀಕ್ಷೆ ಎಲ್ಲಿ ಕೆಡುತ್ತದೆ?

ಹೆಚ್ಚಾಗಿ ಕೆಡುವುದು ಅತಿಯಾಗಿ ಸರಿಪಡಿಸಿಕೊಳ್ಳಲು ಹೋಗಿ. ಹಿತವಾದದ್ದೆಲ್ಲ ಅನುಮಾನಾಸ್ಪದ, ಆದ್ದರಿಂದ ನೋವು ಕೊಡುವುದೇ ಸತ್ಯ ಎಂಬ ತೀರ್ಮಾನಕ್ಕೆ ಜಾರುತ್ತಾರೆ. ‘ಕಹಿ ಸತ್ಯ ಎದುರಿಸುವ ಧೀರ ನಾನು’ ಎಂಬ ಚಿತ್ರವೂ ಬಹಳ ಹಿತವಾದದ್ದೇ, ಮರೆಯಬೇಡಿ.

ಇನ್ನೊಂದು, ಒಳಗೆ ಇಣುಕಿ ನೋಡಿ ‘ನನ್ನಲ್ಲಿ ಪಕ್ಷಪಾತ ಕಾಣಲಿಲ್ಲ’ ಎನ್ನುವುದು. ಎಮಿಲಿ ಪ್ರೊನಿನ್ ತಂಡ 2002ರಿಂದ ತೋರಿಸುತ್ತ ಬಂದಿರುವಂತೆ ಪಕ್ಷಪಾತ ಇತರರಲ್ಲಿ ಥಟ್ಟನೆ ಕಾಣುತ್ತದೆ, ತನ್ನಲ್ಲಿ ಕಾಣುವುದಿಲ್ಲ, ಏಕೆಂದರೆ ಅದು ಒಳಗಣ್ಣಿಗೆ ಬೀಳುವ ಜಾಗದಲ್ಲಿ ಕೆಲಸ ಮಾಡುವುದಿಲ್ಲ. ಮೂರನೇ ಹೆಜ್ಜೆ ಇರುವುದೇ ಅದಕ್ಕೆ. ಇನ್ನು ಅಂಕಗಳು ಅಳತೆಯಲ್ಲ, ಗುರುತು ಮಾತ್ರ: 70 ಇದ್ದದ್ದು 65 ಆದರೆ ಏನೂ ಆಗಿಲ್ಲ, 30 ಆದರೆ ಏನೋ ಆಗಿದೆ.

ವಾದದ ನಡುವೆ ‘ನಿನಗೆ ಹಾಗೆ ಬೇಕು, ಅಷ್ಟೇ’ ಎಂದರೆ ಏನು ಹೇಳಲಿ?

ಮೊದಲು ಒಪ್ಪಿಕೊಳ್ಳಿ, ಸ್ವಲ್ಪ ಇರಬಹುದು ಎಂದು. ಆಮೇಲೆ ವಾದದ ಯಾವ ಹೆಜ್ಜೆ ತಪ್ಪು ಎಂದು ಕೇಳಿ. ಎದುರಾಳಿ ತಪ್ಪು ಎಂದು ತೋರಿಸದೆ, ಅವನು ಏಕೆ ತಪ್ಪಿದ ಎಂದು ವಿವರಿಸಲು ಹೊರಡುವ ಈ ಚಟಕ್ಕೆ ಲೇಖಕ ಸಿ. ಎಸ್. ಲೂಯಿಸ್ ‘ಬಲ್ವರಿಸಂ’ ಎಂದು ಹೆಸರಿಟ್ಟ. ಬಯಕೆಯ ವಿವರಣೆಗೆ ಜಾಗವಿರುವುದು ತಪ್ಪು ಸಾಬೀತಾದ ಮೇಲೆ.

ದೇವರ ಮೇಲೆ ಸಿಟ್ಟು ಬಂದು ‘ಇಲ್ಲ’ ಎನ್ನುವುದು?

ಸಿಟ್ಟು ಇರುವುದು ಅಪನಂಬಿಕೆಯಲ್ಲ. ಇಲ್ಲದವನ ಮೇಲೆ ಸಿಟ್ಟಾಗುವುದು ಕಷ್ಟ. ಆದರೆ ಕಾಲ ಕಳೆದಂತೆ ಸಿಟ್ಟು ಆರಿ, ‘ಇಲ್ಲ’ ಮಾತ್ರ ಉಳಿಯುವುದುಂಟು. ಆಗ ಅದು ಸಿಟ್ಟಿನಿಂದ ಬಂತು ಎಂದು ತಳ್ಳಿಹಾಕಬೇಡಿ. ಆ ವ್ಯಕ್ತಿಗೆ ಈಗ ಯಾವ ಕಾರಣಗಳಿವೆ ಎಂದು ಕೇಳಿ.

ದುಃಖದಲ್ಲಿ ನಂಬಿಕೆ ಹಿಡಿದವರಿಗೆ ಇದನ್ನೆಲ್ಲ ಹೇಳಬೇಕೇ?

ಬೇಡ. ಅವರು ನಿಮ್ಮನ್ನು ವಾದಕ್ಕೆ ಕರೆದಿಲ್ಲ. ನಂಬಿಕೆಯ ಭರದಲ್ಲಿ ಔಷಧಿ ಬಿಡುತ್ತಿದ್ದರೆ, ಆಸ್ತಿ ಬರೆದುಕೊಡುತ್ತಿದ್ದರೆ ಆ ಒಂದು ನಿರ್ಧಾರದ ಬಗ್ಗೆ ಮಾತ್ರ ಮಾತಾಡಿ, ದೇವರ ಬಗ್ಗೆ ಬೇಡ. ದುಃಖದಲ್ಲಿ ನಂಬಿಕೆ ಬಿಟ್ಟವರಿಗೂ ಇದೇ ಮಾತು.